ಹೊರಗೆ ಕೂತು ಚಿತ್ರ ಬರೆಯುವಾಗ ನೆರಳು ಸರಿದರೆ ಏನು ಮಾಡೋದು?

ಪ್ರಶ್ನೆ: ಹಂಪಿಯ ಹೇಮಕೂಟದ ಮೇಲೆ ಕೂತು ವಿರೂಪಾಕ್ಷ ಗುಡಿಯ ಗೋಪುರವನ್ನು ಜಲವರ್ಣದಲ್ಲಿ ಬರೆಯುತ್ತಿದ್ದೆ. ಪೆನ್ಸಿಲ್ ಕೆಲಸ ಮುಗಿಯುವಷ್ಟರಲ್ಲಿ ನೆರಳೆಲ್ಲ ಜಾಗ ಬದಲಿಸಿತ್ತು. ತಿದ್ದಿ ತಿದ್ದಿ ಬಣ್ಣ ರಾಡಿಯಾಯಿತು. ಸುಮ್ನೆ ಫೋಟೋ ತೆಗೆದು ಮನೆಯಲ್ಲೇ ಬರೆಯಲಾ?
(ಓದುಗರೊಬ್ಬರು, ಹೊಸಪೇಟೆ)

ಉತ್ತರ: ತೊಂದರೆ ನಿಮ್ಮ ಕೈಯ ವೇಗದ್ದಲ್ಲ, ಯಾವುದನ್ನು ಮೊದಲು ಬರೆದಿರಿ ಅನ್ನುವುದರದ್ದು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಬೆಳಿಗ್ಗೆ, ಸಂಜೆಯಂತೂ ಬಂಡೆಗಳ ಉದ್ದ ನೆರಳು ನೋಡನೋಡುತ್ತಲೇ ಬದಲಾಗುತ್ತದೆ. ಗೋಪುರದ ಅಂತಸ್ತು, ಗೊಂಬೆ ಎಲ್ಲಿಗೂ ಓಡಿಹೋಗುವುದಿಲ್ಲ ಅಲ್ವಾ? ಅವು ಕಾಯಲಿ. ಮೊದಲ ಐದು ನಿಮಿಷದಲ್ಲಿ ನೆರಳಿನ ಅಂಚು ಗುರುತು ಮಾಡಿ, ಆಮೇಲೆ ಬಿಸಿಲು ಎಲ್ಲಿಗೇ ಹೋಗಲಿ, ಅದನ್ನು ಮುಟ್ಟಬೇಡಿ.

ಹಾಳೆ ಪೋಸ್ಟ್‌ಕಾರ್ಡಿನಷ್ಟಿದ್ದರೆ ಸಾಕು, ಹೆಚ್ಚೆಂದರೆ ಎ5. ಕಣ್ಣು ಕಿರಿದು ಮಾಡಿ ನೋಡಿ, ವಿವರ ಮಾಯವಾಗಿ ತಿಳಿ, ನಡು, ಗಾಢ ಅಂತ ಮೂರೇ ಛಾಯೆ ಉಳಿಯುತ್ತವೆ, ಬರೆಯಬೇಕಾದ್ದು ಅಷ್ಟೇ. ಕುಂಚ ದಪ್ಪದ್ದೇ ಇರಲಿ. ಸಣ್ಣದು ಕೈಗೆ ಸಿಕ್ಕರೆ ನಾವೆಲ್ಲ ಕಿಟಕಿ ಎಣಿಸೋಕೆ ಕೂತುಬಿಡುತ್ತೇವೆ! ಇನ್ನೊಂದು, ಹಾಳೆಯನ್ನು ನೆರಳಲ್ಲಿಟ್ಟುಕೊಳ್ಳಿ. ಬಿಸಿಲು ಬಿದ್ದ ಬಿಳಿ ಹಾಳೆ ಕಣ್ಣು ಕುಕ್ಕುತ್ತದೆ, ಬಣ್ಣ ಅಲ್ಲಿ ಸರಿಯಾಗಿದೆ ಅನಿಸಿದರೂ ಮನೆಗೆ ತಂದು ನೋಡಿದಾಗ ಕಪ್ಪಾಗಿ ಕಾಣುತ್ತದೆ. ಹಂಪಿಯ ಬಿಸಿಲಿಗೆ ಬಣ್ಣವೂ ಬೇಗ ಒಣಗಿ ಗೆರೆ ಬಿಡುತ್ತದೆ, ಹಾಗಾಗಿ ಆಕಾಶಕ್ಕೆ ಬೇಕಾದಷ್ಟು ಬಣ್ಣ ಮೊದಲೇ ಕಲಸಿಟ್ಟುಕೊಂಡು ಒಂದೇ ಸಲಕ್ಕೆ ಬಳಿಯಿರಿ.

ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821, 1822ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಬರೀ ಮೋಡಗಳನ್ನೇ ಎಣ್ಣೆಬಣ್ಣದಲ್ಲಿ ಸಣ್ಣ ಹಾಳೆಗಳ ಮೇಲೆ ಸರಸರನೆ ಬರೆದ. ಎಷ್ಟೋ ಹಾಳೆಗಳ ಹಿಂದೆ ತಾರೀಖು, ಹೊತ್ತು, ಗಾಳಿ ಯಾವ ದಿಕ್ಕಿನದು ಅಂತಲೂ ಗುರುತು ಹಾಕಿದ್ದಾನೆ. ಮೋಡದ ಮುಂದೆ ನಮ್ಮ ನೆರಳು ನಿಧಾನವೇ ಅನ್ನಿ. ನೀವೂ ಹಿಂದೆ ಹೊತ್ತು ಬರೆದಿಡಿ, ಮತ್ತೆ ಅದೇ ಬೆಳಕು ಬೇಕಾದರೆ ಯಾವಾಗ ಹೋಗಬೇಕು ಅಂತ ಗೊತ್ತಾಗುತ್ತದೆ.

ಫೋಟೋ ತೆಗೆಯಿರಿ, ತಪ್ಪೇನಿಲ್ಲ. ಗೋಪುರದ ಅಳತೆ, ಕೆತ್ತನೆಗೆ ಅದು ಬೇಕು. ಆದರೆ ಬಣ್ಣಕ್ಕೆ ಅದನ್ನು ನಂಬಬೇಡಿ. ನೆರಳಿನೊಳಗೆ ನಿಮ್ಮ ಕಣ್ಣಿಗೆ ಕಂಡ ನೀಲಿ, ನೇರಳೆ ಫೋಟೋದಲ್ಲಿ ಎಷ್ಟೋ ಸಲ ಬರೀ ಕಪ್ಪಾಗಿರುತ್ತದೆ. ಬಣ್ಣಕ್ಕೆ ಸ್ಥಳದಲ್ಲಿ ಬರೆದ ಹಾಳೆಯನ್ನೇ ನೋಡಿ. ಅರ್ಧ ಗಂಟೆಯಲ್ಲಿ ಮುಗಿಯಲಿಲ್ಲವಾ? ತಿದ್ದೋಕೆ ಹೋಗದೆ ಹೊಸ ಹಾಳೆ ತೆಗೆದು, ಈಗಿರುವ ನೆರಳಿನಿಂದಲೇ ಶುರು ಮಾಡಿ.