ಮಕ್ಕಳ ಪುಸ್ತಕವನ್ನು ನಾವೇ ಪ್ರಕಟಿಸುವಾಗ

ಮಕ್ಕಳ ಪುಸ್ತಕಗಳನ್ನು ಸ್ವಂತವಾಗಿ ಪ್ರಕಟಿಸುವ ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೋರಿದ್ದೆವು. ಬಂದ ಪತ್ರಗಳಲ್ಲಿ ಐದನ್ನು ಆಯ್ದುಕೊಂಡಿದ್ದೇವೆ. 18 ವರ್ಷಗಳಿಂದ ಮಕ್ಕಳಿಗಾಗಿ ಬರೆಯುತ್ತಾ, ಬರೆದದ್ದನ್ನು ತಾವೇ ಅಚ್ಚು ಹಾಕಿಸಿ ಓದುಗರಿಗೆ ತಲುಪಿಸುತ್ತಾ ಬಂದಿರುವ ಲೇಖಕಿಯೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ನಾನು 14 ವರ್ಷಗಳಿಂದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೇನೆ. ತರಗತಿಯ ಮಕ್ಕಳಿಗೆಂದು ಬರೆದ ಹತ್ತು ಕಥೆಗಳನ್ನು ಇಬ್ಬರು ಪ್ರಕಾಶಕರಿಗೆ ಕಳುಹಿಸಿದ್ದೆ. ವರ್ಷ ಕಳೆದರೂ ಉತ್ತರ ಬಂದಿಲ್ಲ. ಹತ್ತನ್ನೂ ಸೇರಿಸಿ ನಾನೇ ಒಂದು ಪುಸ್ತಕ ತರಬಹುದೇ? ಕಥೆ ಅಚ್ಚಿಗೆ ಸಿದ್ಧವಾಗಿದೆ ಎಂದು ತಿಳಿಯುವುದು ಹೇಗೆ?
— ಶಿಕ್ಷಕಿ, ಸಾಗರ ತಾಲ್ಲೂಕು

ಉತ್ತರ: ಖಂಡಿತ ತರಬಹುದು, ಆದರೆ ಹತ್ತನ್ನೂ ಒಂದೇ ಪುಸ್ತಕದಲ್ಲಿ ತುಂಬಬೇಡಿ. ನಿಮ್ಮ ಹತ್ತು ಕಥೆಗಳಲ್ಲಿ ಕೆಲವು ಒಂದನೆಯ ತರಗತಿಯ ಮಗುವಿಗೂ ಕೆಲವು ಐದನೆಯ ತರಗತಿಯ ಮಗುವಿಗೂ ಹೊಂದುವಂಥವು ಇದ್ದೇ ಇರುತ್ತವೆ. ಎರಡನ್ನೂ ಒಂದೇ ರಕ್ಷಾಪುಟದೊಳಗೆ ಇಟ್ಟರೆ ಚಿಕ್ಕ ಮಗು ಅರ್ಧ ಪುಸ್ತಕಕ್ಕೆ ಹೆದರುತ್ತದೆ, ದೊಡ್ಡ ಮಗು ಅದನ್ನು ಕೈಗೇ ಎತ್ತಿಕೊಳ್ಳುವುದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕಥೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಮೊದಲ ಹಂತದ ಕಥೆ 250 ಪದಗಳೊಳಗೆ ಮುಗಿಯಬೇಕು, ಎರಡನೆಯದು 600ರೊಳಗೆ, ಮೂರನೆಯದು 1500ರೊಳಗೆ. ನಿಮ್ಮ ಕಥೆಗಳ ಪದಗಳನ್ನು ಎಣಿಸಿ ನೋಡಿ. ಮೊದಲ ಸಲ ಎಣಿಸಿದಾಗ ನನ್ನ ‘ಪುಟ್ಟ’ ಕಥೆಯೇ 1,100 ಪದಗಳಿದ್ದವು. ಅದರಲ್ಲಿ ನವಿಲಿನ ವರ್ಣನೆಯೊಂದಕ್ಕೇ ಎರಡು ಪುಟ ಹೋಗಿತ್ತು. ಆ ಪುಟಗಳಲ್ಲಿ ನವಿಲಿನ ಚಿತ್ರವೂ ಬರುವುದಿತ್ತು!

ಪದಗಳ ಸಂಖ್ಯೆಗಿಂತ ಮುಖ್ಯವಾದುದು ಪದಗಳ ಕಟ್ಟು, ಮತ್ತು ಇದು ಕನ್ನಡಕ್ಕೇ ವಿಶೇಷವಾದ ತೊಡಕು. ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ ರ, ಗ, ಸ, ದ, ಅ ಎಂದು ಆರಂಭಿಸುವುದು ಏಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಐದೇ ಅಕ್ಷರ ಕಲಿತ ಮಗು ಸರ, ಅರಸ, ಗರಗಸ ಎಂದು ಅಂದೇ ಓದಬಲ್ಲುದು. ಅದೇ ವಿವೇಕವನ್ನು ಕಥೆ ಬರೆಯುವವರೂ ತೋರಬೇಕು. ಅಕ್ಕ, ಹತ್ತು, ಕಪ್ಪೆ ಎಂಬಂಥ ಸಜಾತೀಯ ಒತ್ತಕ್ಷರಗಳು ಮಗುವಿಗೆ ಬೇಗ ಒಗ್ಗುತ್ತವೆ. ವಿಜಾತೀಯ ಒತ್ತಕ್ಷರಗಳು ನಿಧಾನವಾಗಿ ಒಗ್ಗುತ್ತವೆ. ಅರ್ಕಾವತ್ತನ್ನಂತೂ ಅಕ್ಷರದ ನಂತರ ಬರೆದು ಅಕ್ಷರಕ್ಕೆ ಮೊದಲು ಉಚ್ಚರಿಸಬೇಕಾದುದರಿಂದ ಅದು ಎಷ್ಟೋ ಮಕ್ಕಳನ್ನು ಸಾಲಿನ ನಡುವೆಯೇ ತಡೆದು ನಿಲ್ಲಿಸುತ್ತದೆ. ‘ಸೂರ್ಯನು ಅಸ್ತಂಗತನಾದನು’ ಎಂದು ಬರೆದಿದ್ದರೆ ‘ಹೊತ್ತು ಮುಳುಗಿತು’ ಎಂದು ತಿದ್ದಿ. ಇದರಿಂದ ಭಾಷೆ ಬಡವಾಗುವುದಿಲ್ಲ. ನಮ್ಮ ಅಜ್ಜಿಯರು ಕಥೆ ಹೇಳುತ್ತಿದ್ದುದು ಎರಡನೆಯ ರೀತಿಯಲ್ಲಿಯೇ. ನಾವು ಓದಿ ಹೇಳಲೆಂದು ಬರೆದ ಪುಸ್ತಕವಾದರೆ ಸ್ವಲ್ಪ ಕಠಿಣ ಪದಗಳಿದ್ದರೂ ನಡೆಯುತ್ತದೆ, ಮಗು ತಾನೇ ಓದಲೆಂದು ಬರೆದುದಾದರೆ ನಡೆಯುವುದಿಲ್ಲ. ಈ ಎರಡರಲ್ಲಿ ನಿಮ್ಮದು ಯಾವುದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ.

ಕಥೆ ಸಿದ್ಧವಾಯಿತೆಂದು ಹೇಳಬೇಕಾದವರು ಮಕ್ಕಳು. ಪಂಜೆ ಮಂಗೇಶರಾಯರು ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಮಕ್ಕಳ ನಡುವೆ ಓಡಾಡಿಕೊಂಡು ಬರೆದವರು. ಆ ಅನುಕೂಲ ನಿಮಗೂ ಇದೆ. ನಿಮ್ಮ ವಿದ್ಯಾರ್ಥಿಗಳು ನಿಮ್ಮ ಮುಖ ನೋಡಿ ಹೊಗಳಬಹುದಾದ್ದರಿಂದ ಪಕ್ಕದ ಊರಿನ ಶಾಲೆಯ ಸಹೋದ್ಯೋಗಿಗೆ ಕಥೆಯನ್ನು ಕೊಟ್ಟು, ನೀವು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿ. ಮಕ್ಕಳು ಕಿಟಕಿಯ ಕಡೆ ನೋಡಿದ ಸಾಲಿನ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ನನ್ನ ಅನುಭವದಲ್ಲಿ ಆ ಗುರುತುಗಳು ಹೆಚ್ಚಾಗಿ ಬೀಳುವುದು ನೀತಿ ಹೇಳುವ ಕೊನೆಯ ಸಾಲುಗಳಿಗೆ. ಅವನ್ನು ತೆಗೆದುಹಾಕಿ. ಆಮೇಲೆ ನಾಲ್ಕು ಹಾಳೆಗಳನ್ನು ಮಧ್ಯಕ್ಕೆ ಮಡಚಿ 16 ಪುಟಗಳ ಮಾದರಿ ಪುಸ್ತಕವೊಂದನ್ನು ಕೈಯಲ್ಲೇ ಮಾಡಿ, ಯಾವ ಸಾಲು ಯಾವ ಪುಟಕ್ಕೆ ಬರುತ್ತದೆಂದು ಪೆನ್ಸಿಲ್ಲಿನಲ್ಲಿ ಬರೆಯಿರಿ. ಬಾಗಿಲ ಹಿಂದೆ ಯಾರಿದ್ದಾರೆ ಎಂಬ ಪ್ರಶ್ನೆ ಬಲಪುಟದ ಕೊನೆಯಲ್ಲಿದ್ದರೆ ಮಗು ಪುಟ ತಿರುಗಿಸುತ್ತದೆ. ಅದೇ ಪ್ರಶ್ನೆ ಎಡಪುಟದಲ್ಲಿ ಬಂದರೆ ಉತ್ತರ ಪಕ್ಕದಲ್ಲಿಯೇ ಕಂಡುಬಿಡುತ್ತದೆ.

ಪ್ರಶ್ನೆ: ಪರಿಚಯದ ಯುವಕನೊಬ್ಬ ನನ್ನ ಪುಸ್ತಕಕ್ಕೆ 12 ಚಿತ್ರಗಳನ್ನು ಬರೆದುಕೊಟ್ಟಿದ್ದಾನೆ, ಹಣವನ್ನೂ ಕೊಟ್ಟಿದ್ದೇನೆ. ಪರಿಚಯದವನೇ ಆದುದರಿಂದ ಬರಹದಲ್ಲಿ ಒಪ್ಪಂದ ಕೇಳಲು ಸಂಕೋಚವಾಗುತ್ತದೆ. ಅವನ್ನು ಕ್ಯಾಲೆಂಡರಿನಲ್ಲಿಯೂ ಮರುಮುದ್ರಣದಲ್ಲಿಯೂ ಬಳಸಬಹುದಲ್ಲವೇ?
— ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಹಣ ಕೊಟ್ಟ ಮಾತ್ರಕ್ಕೆ ಎಲ್ಲ ಹಕ್ಕೂ ನಿಮ್ಮದಾಯಿತೆಂದು ಭಾವಿಸಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಆ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ಪರಿಗಣಿಸುತ್ತದೆ. ಆದುದರಿಂದ ಚಿತ್ರಗಳನ್ನು ಪುಸ್ತಕಕ್ಕಷ್ಟೇ ಬಳಸುವುದೋ, ಇ-ಪುಸ್ತಕ, ಅನುವಾದ, ಕ್ಯಾಲೆಂಡರುಗಳಿಗೂ ಬಳಸುವುದೋ, ಮರುಮುದ್ರಣವಾದರೆ ಕಲಾವಿದನಿಗೆ ಏನು ಸಲ್ಲಬೇಕು ಎಂಬುದನ್ನು ಒಂದು ಪುಟದಲ್ಲಿ ಸರಳ ಕನ್ನಡದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಪರಿಚಯದವನೇ ಆದುದರಿಂದ ಸಂಕೋಚವಾಗುತ್ತದೆ ಎಂದು ಬರೆದಿದ್ದೀರಿ. ಸ್ನೇಹ ಉಳಿಯಬೇಕೆಂಬ ಕಾರಣಕ್ಕೇ ಬರೆದಿಡಿ ಎನ್ನುತ್ತೇನೆ.

ಇನ್ನೊಂದು ಮಾತು: ಅವನ ಹೆಸರು ಮುಖಪುಟದಲ್ಲಿ ನಿಮ್ಮ ಹೆಸರಿನ ಜೊತೆಯಲ್ಲಿಯೇ ಇರಲಿ. ಚಿತ್ರಪುಸ್ತಕದಲ್ಲಿ ಅರ್ಧ ಕಥೆಯನ್ನು ಹೇಳುವವರು ಕಲಾವಿದರು, ಆದರೂ ಅವರ ಹೆಸರನ್ನು ಒಳಪುಟದ ಮೂಲೆಗೆ ತಳ್ಳುವ ರೂಢಿ ನಮ್ಮಲ್ಲಿ ಇನ್ನೂ ಇರುವುದು ಬಹಳ ನೋವಿನ ಸಂಗತಿ. ಗೂಗಲ್‌ನಲ್ಲಿ ಕಂಡ ಚಿತ್ರಗಳನ್ನಂತೂ ಎತ್ತಿಕೊಳ್ಳಲೇಬೇಡಿ. ಮೇಲೆ ಹೇಳಿದ ಸ್ಟೋರಿವೀವರ್‌ನಲ್ಲಿ ಮುಕ್ತ ಪರವಾನಗಿಯ ಚಿತ್ರಗಳಿವೆ. ಕಲಾವಿದರ ಹೆಸರು, ಮೂಲ ಮತ್ತು ಪರವಾನಗಿಯನ್ನು ನಮೂದಿಸಿ ಅವನ್ನು ಬಳಸಬಹುದು.

ಪ್ರಶ್ನೆ: ಮೊದಲ ಮುದ್ರಣಕ್ಕೆ 1,000 ಪ್ರತಿ ಹಾಕಿಸಿದರೆ ಅಗ್ಗವೆಂದು ಮುದ್ರಕರು ಹೇಳುತ್ತಾರೆ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಕೊಡಿಸಲು ಮಧ್ಯವರ್ತಿಯೊಬ್ಬರು 4,000 ರೂಪಾಯಿ ಕೇಳುತ್ತಿದ್ದಾರೆ. ಏನು ಮಾಡಲಿ?
— ಗೃಹಿಣಿ, ಮೈಸೂರು

ಉತ್ತರ: ಆ 4,000 ರೂಪಾಯಿಯನ್ನು ಕೊಡಬೇಡಿ. ನಮ್ಮ ದೇಶದಲ್ಲಿ ಐಎಸ್‌ಬಿಎನ್ ಉಚಿತ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆಯ ಜಾಲತಾಣದಲ್ಲಿ ಲೇಖಕರೇ ಸ್ವಯಂ ಪ್ರಕಾಶಕರೆಂದು ನೋಂದಾಯಿಸಿಕೊಂಡು 13 ಅಂಕಿಗಳ ಸಂಖ್ಯೆಯನ್ನು ಪಡೆಯಬಹುದು. ಅದು ಕೈಸೇರಲು ಸಮಯ ಹಿಡಿಯಬಹುದಾದ್ದರಿಂದ ಮುದ್ರಣಕ್ಕೆ ಬಹಳ ಮೊದಲೇ ಅರ್ಜಿ ಹಾಕಿ. 1954ರ ಕಾಯ್ದೆಯಂತೆ, ಪುಸ್ತಕ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಗಳ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಕಳುಹಿಸುವುದು ಪ್ರಕಾಶಕರ ಕರ್ತವ್ಯ. ಈಗ ಆ ಪ್ರಕಾಶಕರು ನೀವೇ.

ಪ್ರತಿಗಳ ವಿಷಯದಲ್ಲಿ ಮುದ್ರಕರು ಹೇಳಿದ ಲೆಕ್ಕ ಸುಳ್ಳಲ್ಲ. ಆಫ್‌ಸೆಟ್‌ನಲ್ಲಿ ನಾಲ್ಕು ಬಣ್ಣಗಳಿಗೆ ನಾಲ್ಕು ಪ್ಲೇಟುಗಳ ಖರ್ಚು ಮೊದಲೇ ಬೀಳುವುದರಿಂದ ಪ್ರತಿ ಹೆಚ್ಚಿದಂತೆ ಒಂದೊಂದರ ವೆಚ್ಚ ಇಳಿಯುತ್ತದೆ. ಡಿಜಿಟಲ್ ಮುದ್ರಣದಲ್ಲಿ ಪ್ಲೇಟಿನ ಖರ್ಚಿಲ್ಲ, ಆದರೆ ಪ್ರತಿಯೊಂದು ಪುಟವೂ ದುಬಾರಿ. ಹಾಗಿದ್ದೂ ನಾನು ಮೊದಲು 100 ಅಥವಾ 200 ಪ್ರತಿಗಳ ಡಿಜಿಟಲ್ ಮುದ್ರಣವನ್ನೇ ಹೇಳುತ್ತೇನೆ, ಏಕೆಂದರೆ ಮಾರಾಟವಾಗದ ಅಗ್ಗದ ಪ್ರತಿಗಿಂತ ದುಬಾರಿಯಾದ ಪ್ರತಿ ಬೇರೊಂದಿಲ್ಲ. ನನ್ನ ಮೊದಲ ಪುಸ್ತಕದ 1,000 ಪ್ರತಿಗಳಲ್ಲಿ ಆರುನೂರು ನಮ್ಮ ಮನೆಯ ಮಂಚದ ಕೆಳಗೆ ನಾಲ್ಕು ಮಳೆಗಾಲಗಳನ್ನು ಕಳೆದವು. ಎರಡು ಕಟ್ಟುಗಳಿಗೆ ಗೆದ್ದಲು ಹಿಡಿಯಿತು. ಮಗುವಿನ ಕೈ ಸೇರಬೇಕಿದ್ದ ಪುಸ್ತಕವನ್ನು ಒಲೆಗೆ ಹಾಕಿದ ದಿನವನ್ನು ನಾನು ಮರೆತಿಲ್ಲ.

ಕಾಗದ, ಬೈಂಡಿಂಗ್‌ಗಳನ್ನು ಮುದ್ರಕರು ಚೆನ್ನಾಗಿ ಬಲ್ಲರು. ಮಡಚಿದ ಹಾಳೆಗಳ ನಡುವೆ ಪಿನ್ ಹೊಡೆಯುವ ಸೆಂಟರ್ ಪಿನ್ ಹಾಕುವುದಾದರೆ ಪುಟಗಳು ನಾಲ್ಕರ ಗುಣಕದಲ್ಲಿರಬೇಕು ಎಂಬುದನ್ನಷ್ಟೇ ನೆನಪಿಡಿ. ಅಕ್ಷರವನ್ನು ಮಾತ್ರ ಅವರಿಗೆ ಬಿಡಬೇಡಿ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಮಾಡಿದ ಅಕ್ಷರಜೋಡಣೆಯನ್ನು (ಡಿಟಿಪಿ) ಎಲ್ಲ ಕಂಪ್ಯೂಟರುಗಳಿಗೂ ಹೊಂದುವ ಯುನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರಗಳು ಕಳಚಿಹೋಗುವುದುಂಟು. ಚಿತ್ರದ ಮೇಲೆ ಅಕ್ಷರ ಕೂರಿಸುವ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಆಯ್ಕೆ ಹಾಕಿರದಿದ್ದರೆ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಜಾರುತ್ತದೆ. ನನ್ನ ಎರಡನೆಯ ಪುಸ್ತಕದಲ್ಲಿ ‘ಕಪ್ಪೆ’ ಎಂಬುದು 11 ಕಡೆ ‘ಕಪೆ’ ಎಂದು ಅಚ್ಚಾಯಿತು. ಕಂಪ್ಯೂಟರ್ ಪರದೆಯ ಮೇಲೆ ಕರಡು ನೋಡಿ ಒಪ್ಪಿಗೆ ಕೊಟ್ಟವಳು ನಾನೇ. ಅಂದಿನಿಂದ ಕೊನೆಯ ಕರಡನ್ನು ಕಾಗದದ ಮೇಲೆ ತೆಗೆಸಿ, ಪ್ರತಿ ಪದವನ್ನೂ ಬೆರಳಿಟ್ಟು ಓದುತ್ತೇನೆ. ಓದಲು ಕಲಿಯುತ್ತಿರುವ ಮಗುವಿಗೆ ಅಕ್ಷರ 18 ಪಾಯಿಂಟ್‌ಗಿಂತ ಕಿರಿದಾಗದಿರಲಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಅಂತರವಿರಲಿ.

ಪ್ರಶ್ನೆ: ನಿವೃತ್ತಿಯ ಹಣದಲ್ಲಿ ಪುಟ್ಟ ಮಕ್ಕಳ ಪದ್ಯಗಳ ಪುಸ್ತಕದ 500 ಪ್ರತಿ ಮುದ್ರಿಸಿದೆ. ಬಿಡುಗಡೆಯ ದಿನ 80 ಹೋದವು. ಫೇಸ್‌ಬುಕ್‌ನಲ್ಲಿ ಮೆಚ್ಚುಗೆ ಬರುತ್ತಿದೆ, ಕೊಳ್ಳುವವರು ಬರುತ್ತಿಲ್ಲ. ಪ್ರಚಾರ ಮಾಡುವುದು ಹೇಗೆ?
— ನಿವೃತ್ತ ಉಪನ್ಯಾಸಕರು, ತುಮಕೂರು

ಉತ್ತರ: ಫೇಸ್‌ಬುಕ್‌ನಲ್ಲಿ ಮೆಚ್ಚಿದವರು ನಿಮ್ಮ ಸ್ನೇಹಿತರು. ನಿಮ್ಮ ಓದುಗರಾದರೋ ಏಳು ವರ್ಷದವರು, ಅವರ ಬಳಿ ಹಣವೂ ಇಲ್ಲ, ಫೋನೂ ಇಲ್ಲ. ಮಗು ಕೇಳಿ ಇಷ್ಟಪಟ್ಟು ಮನೆಗೆ ಹೋಗಿ ‘ಆ ಪುಸ್ತಕ ಬೇಕು’ ಎಂದು ಹಟ ಹಿಡಿಯಬೇಕು, ಅಥವಾ ಶಿಕ್ಷಕರು ತಮ್ಮ ತರಗತಿಗೆ ಇದು ಬೇಕೆಂದು ನಿರ್ಧರಿಸಬೇಕು. ಎರಡಕ್ಕೂ ದಾರಿ ಒಂದೇ: ನೀವು ಮಕ್ಕಳ ಮುಂದೆ ನಿಂತು ಓದುವುದು. ಪದ್ಯಗಳಿಗಂತೂ ಇದಕ್ಕಿಂತ ಒಳ್ಳೆಯ ಪ್ರಚಾರವಿಲ್ಲ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅರ್ಧ ಗಂಟೆ ಕೇಳಿಕೊಳ್ಳಿ. ಮೂರು ಪದ್ಯಗಳನ್ನು ಹಾಡಿ, ನಾಲ್ಕನೆಯದರ ಪ್ರಾಸದ ಪದವನ್ನು ಮಕ್ಕಳೇ ತುಂಬಲೆಂದು ಬಿಟ್ಟುಕೊಡಿ. ಮಕ್ಕಳ ಎದುರಿನಲ್ಲಿ ಮಾರಾಟದ ಮಾತೆತ್ತಬೇಡಿ, ಏಕೆಂದರೆ ಕೊಳ್ಳಲಾಗದ ಮಗು ಆ ಕ್ಷಣದಲ್ಲಿ ಕುಗ್ಗಿಹೋಗುತ್ತದೆ. ಶಾಲೆಯ ಓದುವ ಮೂಲೆಗೆ ಎರಡು ಪ್ರತಿಗಳನ್ನು ಉಚಿತವಾಗಿ ಕೊಟ್ಟು, ಬೆಲೆ ಮತ್ತು ಫೋನ್ ಸಂಖ್ಯೆಯಿರುವ ಚೀಟಿಯನ್ನು ಶಿಕ್ಷಕರ ಕೈಯಲ್ಲಿಟ್ಟು ಬನ್ನಿ.

ಶಾಲೆಯಷ್ಟೇ ಫಲ ಕೊಡುವ, ಆದರೆ ನಮ್ಮ ಲೇಖಕರು ಕಾಲಿಡದ ಇನ್ನೊಂದು ಜಾಗ ಗ್ರಾಮ ಪಂಚಾಯಿತಿಯ ಗ್ರಂಥಾಲಯ. ರಾಜ್ಯದಲ್ಲಿ ಇಂಥವು 5,000ಕ್ಕೂ ಹೆಚ್ಚು ಇವೆ. ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಆರಂಭವಾದಾಗಿನಿಂದ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ‘ಅರಿವು ಕೇಂದ್ರ’ ಎಂಬ ಫಲಕವಿರುವ ಆ ಕೋಣೆಗೆ ಶನಿವಾರ ಮಧ್ಯಾಹ್ನ ಹೋಗಿ ಕುಳಿತರೆ ಯಾವ ಪದ್ಯಕ್ಕೆ ಮಕ್ಕಳು ‘ಇನ್ನೊಂದ್ಸಲ’ ಎನ್ನುತ್ತಾರೆಂಬುದು ನಿಮಗೇ ತಿಳಿಯುತ್ತದೆ. ಆ ಪದ್ಯವನ್ನು ಮಕ್ಕಳ ದನಿಯಲ್ಲಿಯೇ, ಪೋಷಕರ ಒಪ್ಪಿಗೆಯಿದ್ದರೆ ಮಾತ್ರ, ಧ್ವನಿಮುದ್ರಿಸಿಕೊಂಡು ವಾಟ್ಸ್ಆ್ಯಪ್‌ನಲ್ಲಿ ಶಿಕ್ಷಕರ ಗುಂಪುಗಳಿಗೆ ಕಳುಹಿಸಿ.

ಅಂಗಡಿಗಳು ಸಾಮಾನ್ಯವಾಗಿ ಶೇ 30ರಿಂದ 40ರಷ್ಟು ರಿಯಾಯಿತಿ ಕೇಳುತ್ತವೆ. 100 ರೂಪಾಯಿ ಮುಖಬೆಲೆಯ ಪುಸ್ತಕಕ್ಕೆ ನಿಮಗೆ 60 ರೂಪಾಯಿ ಖರ್ಚಾಗಿದ್ದರೆ, ಶೇ 40ರಷ್ಟು ರಿಯಾಯಿತಿ ಕೊಟ್ಟಾಗ ಅಂಗಡಿಯಿಂದ ನಿಮಗೆ ಏನೂ ಉಳಿಯುವುದಿಲ್ಲ, ಹಾಗಾಗಿ ನೇರ ಮಾರಾಟಕ್ಕೆ ಒತ್ತು ಕೊಡಿ. ಅಂಚೆ ಇಲಾಖೆ 2025ರ ಮೇ 1ರಂದು ಆರಂಭಿಸಿದ ‘ಜ್ಞಾನ ಪೋಸ್ಟ್’ ಇಲ್ಲಿ ಬಹಳ ಉಪಯುಕ್ತ. ಆರಂಭದಲ್ಲಿ ನಿಗದಿಯಾದ ದರದಂತೆ 300 ಗ್ರಾಂವರೆಗಿನ ಪುಸ್ತಕದ ಪೊಟ್ಟಣಕ್ಕೆ ತೆರಿಗೆ ಬಿಟ್ಟು 20 ರೂಪಾಯಿ, 5 ಕಿಲೋವರೆಗಿನದಕ್ಕೆ 100 ರೂಪಾಯಿ. ಸಾಹಿತ್ಯ ಸಮ್ಮೇಳನಗಳಲ್ಲಿ ಒಬ್ಬರೇ ಮಳಿಗೆ ಹಿಡಿಯುವ ಬದಲು ನಾಲ್ಕೈದು ಮಕ್ಕಳ ಲೇಖಕರು ಸೇರಿ ಒಂದನ್ನು ಹಿಡಿಯಿರಿ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅಧಿಸೂಚನೆ ಹೊರಟಾಗ ತಪ್ಪದೆ ಅರ್ಜಿ ಹಾಕಿ, ಆದರೆ ಆ ಹಣವನ್ನು ನಂಬಿ ಮುಂದಿನ ಪುಸ್ತಕವನ್ನು ಮುದ್ರಣಕ್ಕೆ ಕೊಡಬೇಡಿ. 35 ವರ್ಷದೊಳಗಿನವರಿಗೆ ಮೊದಲ ಪುಸ್ತಕಕ್ಕೆಂದೇ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ. ನಿಮಗೆ ಅದು ಅನ್ವಯಿಸದಿದ್ದರೂ ನಿಮ್ಮ ಹಳೆಯ ವಿದ್ಯಾರ್ಥಿಗಳಿಗೆ ತಿಳಿಸಿ.

ಪ್ರಶ್ನೆ: ಹತ್ತು ವರ್ಷದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಓದುವುದು ನಿಧಾನ. ಇಲ್ಲಿನ ಮಕ್ಕಳಿಗೆಂದು ನಾನು ಬರೆದ ಕಥೆಯನ್ನು ಹೇಗೆ ತರಲಿ? ಇಂಗ್ಲಿಷ್ ಲಿಪಿಯಲ್ಲಿಯೂ ಬರೆದುಕೊಡಲೇ?
— ತಾಯಿ, ದುಬೈ

ಉತ್ತರ: ವಯಸ್ಸು ಹತ್ತಾದರೂ ಓದು ಒಂದನೆಯ ತರಗತಿಯದು ಎಂಬುದೇ ನಿಮ್ಮ ಓದುಗರ ವಿಶೇಷ. ಆದುದರಿಂದ ಕಥೆ ಹತ್ತು ವರ್ಷದವರ ಕುತೂಹಲಕ್ಕೆ ತಕ್ಕಂತಿರಲಿ, ವಾಕ್ಯಗಳು ಮಾತ್ರ ಮೂರು ನಾಲ್ಕು ಪದಗಳಲ್ಲಿ ಮುಗಿಯಲಿ. ಮೊದಲ ಪುಟದಲ್ಲಿ ಕ್ಯೂಆರ್ ಕೋಡ್ ಇಟ್ಟು, ಕಥೆಯನ್ನು ನೀವೇ ನಿಧಾನವಾಗಿ ಓದಿದ ಧ್ವನಿಮುದ್ರಿಕೆಗೆ ಜೋಡಿಸಿ. ಮಗು ಕಿವಿಯಲ್ಲಿ ಕೇಳುತ್ತಾ ಬೆರಳಿನಲ್ಲಿ ಸಾಲು ಹಿಡಿಯಬಹುದು. ಇಂಗ್ಲಿಷ್ ಲಿಪಿಯಲ್ಲಿ ಕನ್ನಡವನ್ನು ಬರೆದುಕೊಡುವ ಆಸೆಯನ್ನು ದಯವಿಟ್ಟು ಬಿಡಿ, ಏಕೆಂದರೆ ಅದಿದ್ದರೆ ಕಣ್ಣು ಕನ್ನಡ ಅಕ್ಷರದ ಮೇಲೆ ನಿಲ್ಲುವುದೇ ಇಲ್ಲ. ಅಲ್ಲಿನ ವಾರಾಂತ್ಯದ ಕನ್ನಡ ತರಗತಿಯೊಂದರಲ್ಲಿ 20 ಪ್ರತಿಗಳನ್ನು ಕೊಟ್ಟು ಒಂದು ತಿಂಗಳು ಬಳಸಿ ನೋಡಲು ಹೇಳಿ. ಯಾವ ಪದದಲ್ಲಿ ಎಷ್ಟು ಮಕ್ಕಳು ತಡವರಿಸಿದರೆಂದು ಆ ಶಿಕ್ಷಕರು ಗುರುತಿಸಿ ಕೊಟ್ಟ ಪ್ರತಿಯನ್ನು ಮುಂದಿಟ್ಟುಕೊಂಡು ಎರಡನೆಯ ಮುದ್ರಣವನ್ನು ತಿದ್ದಿ.