ಅಪ್ಪನ ಕೂಗು, ಮಗಳ ಮಾತು

ಆಲ್ದೂರಿನ ಕಡೆಯಿಂದ ಒಬ್ಬ ಓದುಗರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಒಂಬತ್ತು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ, ಅಪ್ಪನಿಗೆ ಲಕ್ವ ಹೊಡೆದ ಮೇಲೆ ಊರಿಗೆ ಬಂದು ಕಾಫಿ ತೋಟ ನೋಡಿಕೊಳ್ಳುತ್ತಿರುವ ಮಗಳು ಅವರು. ಕಾಗದದ ಮುಖ್ಯ ಮಾತು ಇದು:

“ಅಪ್ಪ ಒಂದು ಸಲ ಕೂಗಿದರೆ ಸಾಕಿತ್ತು, ಕೆಲಸ ನಡೆಯುತ್ತಿತ್ತು. ನಾನು ಹಾಗೆ ಕೂಗಿದ ದಿನ ರಾತ್ರಿ ನಿದ್ದೆ ಬರಲ್ಲ. ಅದು ನಾನಲ್ಲ ಅನ್ನಿಸುತ್ತದೆ. ಸರಿ, ನಾನು ನಾನಾಗಿಯೇ ಇರೋಣ ಅಂತ ಒಂದು ಸಂಜೆ ಆಳುಗಳು ಇರುವ ಲೈನ್ ಮನೆ ಮುಂದೆ ಕೂತು ಬ್ಯಾಂಕ್ ಸಾಲ, ನನ್ನ ಭಯ ಎಲ್ಲ ಹೇಳಿಕೊಂಡೆ. ಮುಂದಿನ ವಾರ ಆರು ಜನ ಪಕ್ಕದ ತೋಟಕ್ಕೆ ಹೋದರು. ನಿಜ ಹೇಳಿದ್ದೇ ತಪ್ಪಾಯಿತಾ? ಯಜಮಾನಿ ಆಗಬೇಕಾದರೆ ನಾಟಕ ಮಾಡಲೇಬೇಕಾ?”

ಮೊದಲು ಆ ಆರು ಜನರ ವಿಷಯ. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಮಾಲೀಕರ ಬಾಯಲ್ಲಿ ಸಾಲ ಅನ್ನೋ ಮಾತು ಬಂದ ತಕ್ಷಣ ಅವರಿಗೆ ನೆನಪಾಗುವುದು ಬಟವಾಡೆ. ಈ ವಾರ ಕೂಲಿ ಸಿಗುತ್ತದಾ, ಅಂಗಡಿಯವನಿಗೆ ಏನು ಹೇಳಲಿ, ಇದೇ ಯೋಚನೆ. ಕೂಲಿಯ ದುಡ್ಡನ್ನು ಬೇರೆಯಾಗಿ ತೆಗೆದಿಟ್ಟಿದ್ದೀರಿ ಅಂತ ನಿಮ್ಮ ಕಾಗದದ ಮೂರನೇ ಪುಟದಲ್ಲಿದೆ. ಅದನ್ನು ಲೈನ್ ಮನೆ ಮುಂದೆ ಹೇಳಿದಿರಾ? ಹೇಳಿದ ಹಾಗೆ ಕಾಣಲಿಲ್ಲ. ನಿಮ್ಮ ಎದೆಯ ಭಾರ ಹೇಳಿದಿರಿ. ಅವರಿಗೆ ಬೇಕಾಗಿದ್ದ ಒಂದೇ ಒಂದು ನಿಜ ಒಳಗೇ ಉಳಿಯಿತು. ಭಯ ಹೇಳಿಕೊಳ್ಳುವುದಕ್ಕೆ ಗೆಳತಿ ಬೇಕು, ಅಕ್ಕ ಬೇಕು. ನಿಮ್ಮ ಕೈಯಿಂದ ಕೂಲಿ ಪಡೆಯುವವರ ಹತ್ತಿರ ಅಳುವುದು ಅವರಿಗೆ ಜಾಸ್ತಿ ಭಾರ. ಅವರು ನಿಮ್ಮನ್ನು ಸಮಾಧಾನ ಮಾಡುವ ಹಾಗೂ ಇಲ್ಲ, ಸುಮ್ನೆ ಕೇಳಿಸಿಕೊಂಡು ಇರುವ ಹಾಗೂ ಇಲ್ಲ.

ಈಗ ಕೂಗಿನ ವಿಷಯ. ಇದಕ್ಕೆ ನನ್ನದೇ ಒಂದು ಕಥೆ ಹೇಳಬೇಕು. ನಾನು ಸಂಪಾದಕನ ಈ ಕುರ್ಚಿಗೆ ಬಂದಾಗ ತುಂಬಾ ಹೆದರಿದ್ದೆ. ನನಗಿಂತ ಮುಂಚೆ ಇದ್ದವರು ಕಡಿಮೆ ಮಾತಿನವರು. ಕೆಂಪು ಶಾಯಿಯಲ್ಲಿ ಎರಡು ಪದ ಬರೆದು ಪುಟ ವಾಪಸ್ ಕಳಿಸುತ್ತಿದ್ದರು. ನಾನೂ ಕೆಂಪು ಪೆನ್ನು ತಂದೆ, ಎರಡೇ ಪದ ಬರೆದೆ. ಎರಡನೇ ತಿಂಗಳು ಒಬ್ಬರ ಫೋಟೋ ಕೆಳಗೆ ಇನ್ನೊಬ್ಬರ ಹೆಸರು ಅಚ್ಚಾಯಿತು. ಕರಡು ತಿದ್ದುವ ಹಿರಿಯರಿಗೆ ಅದು ಮೊದಲೇ ಕಣ್ಣಿಗೆ ಬಿದ್ದಿತ್ತಂತೆ. ಯಾಕೆ ಹೇಳಲಿಲ್ಲ ಅಂದೆ. “ನೀವು ಕೇಳೋ ಹಾಗೆ ಕಾಣಲಿಲ್ಲ” ಅಂದರು. ಹಿಂದಿನವರಿಗೆ ಹೇಳುತ್ತಿದ್ದಿರಾ ಅಂದೆ. “ಅವರಿಗೆ ಹೇಳ್ತಿದ್ದೆ. ಇಪ್ಪತ್ತು ವರ್ಷ ಜೊತೇಲಿ ಟೀ ಕುಡಿದಿದ್ವಿ” ಅಂದರು. ಆ ಇಪ್ಪತ್ತು ವರ್ಷದ ಟೀ ನನಗೆ ಕಂಡಿರಲಿಲ್ಲ. ಕೆಂಪು ಶಾಯಿ ಮಾತ್ರ ಕಂಡಿತ್ತು.

ನಿಮ್ಮ ಅಪ್ಪ ಒಂದು ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದವರನ್ನು ತಾವೇ ಜೀಪಿನಲ್ಲಿ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿದ್ದರು ಅಂತ ಬರೆದಿದ್ದೀರಿ. ಯಾವ ಮರದ ಕೊಂಬೆ ಎಷ್ಟು ಕಡಿಸಬೇಕು, ಎಷ್ಟು ನೆರಳು ಬಿಡಬೇಕು ಅಂತ ನೋಡಿದರೇ ಗೊತ್ತಾಗುತ್ತಿತ್ತು ಅಂತಲೂ ಬರೆದಿದ್ದೀರಿ. ಜನ ಕೇಳುತ್ತಿದ್ದದ್ದು ಇದಕ್ಕೆ. ಆಳುಗಳ ಮೇಲೆ ಕೂಗುವುದು ನನಗೆ ಯಾವತ್ತೂ ಹಿಡಿಸಿಲ್ಲ. ಇದನ್ನೆಲ್ಲ ನೋಡಿದ್ದವರು ಅವರ ಕೂಗನ್ನು ಸಹಿಸಿಕೊಂಡರು, ಅಷ್ಟೇ. ನಿಮಗೆ ಅವರಿಂದ ಸುಲಭವಾಗಿ ಸಿಕ್ಕಿದ್ದು ಆ ಕೂಗೊಂದೇ.

ನೀವು ಬರೆದಿರುವ ಬೋರರ್ ಹುಳುವಿನ ವಿಷಯದಲ್ಲಿ ಆಗಿದ್ದೂ ಇದೇ ಅಲ್ವಾ? ಅರೇಬಿಕಾ ಗಿಡಗಳಿಗೆ ಬಿಳಿ ಕಾಂಡಕೊರಕ ಬಂದಿದೆ, ಯಾವುದನ್ನು ಕೀಳಿಸಲಿ ಅಂತ ತೋಟದ ಕೆಲಸ ನೋಡಿಕೊಳ್ಳುವ ರೈಟರು ಕೇಳಿದರು. ನಿಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದರೆ ಮರ್ಯಾದೆ ಹೋಗುತ್ತದೆ ಅಂತ, ಅಪ್ಪನ ದನಿಯಲ್ಲಿ “ಆ ಸಾಲು ಪೂರ್ತಿ ಕಿತ್ತು ಹಾಕಿ” ಅಂದಿರಿ. ಚೆನ್ನಾಗಿದ್ದ ಗಿಡಗಳೂ ಹೋದವು. ಹೊಸ ಅರೇಬಿಕಾ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ರೈಟರಿಗೆ ಅದು ತಪ್ಪು ಅಂತ ಗೊತ್ತಿತ್ತು, ಸುಮ್ಮನಿದ್ದರು. ನಮ್ಮ ಹಿರಿಯರ ಹಾಗೆಯೇ.

ಇನ್ನೊಂದು ಸಲ ಹೀಗೆ ಹೇಳಿ ನೋಡಿ: “ನನಗೆ ಇದು ಗೊತ್ತಿಲ್ಲ, ತೋರಿಸಿ. ನೋಡಿದ ಮೇಲೆ ಏನು ಮಾಡೋದು ಅಂತ ನಾನು ಹೇಳ್ತೀನಿ.” ಮೊದಲ ಮಾತಿನಲ್ಲಿ ನೀವು ಇದ್ದ ಹಾಗೆ ಇದ್ದೀರಿ. ಕೊನೇ ಮಾತಿನಲ್ಲಿ ಜವಾಬ್ದಾರಿ ನಿಮ್ಮ ಕೈಯಲ್ಲೇ ಇದೆ. ಕೊನೇ ಮಾತು ಬಿಟ್ಟರೆ ರೈಟರೇ ಯಜಮಾನರಾಗುತ್ತಾರೆ. ಅದು ಅವರಿಗೂ ಬೇಡದ ಹೊರೆ.

ಅಪ್ಪನಿಗೆ ದ್ರೋಹ ಮಾಡಿದ ಹಾಗೆ ಆಗುತ್ತದೆ ಅನ್ನೋ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಬಿಡುವಾದಾಗ ಬೇಲೂರಿಗೆ ಹೋಗಿ ಬನ್ನಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನದಲ್ಲಿ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇಬ್ಬರೂ ಮದನಿಕೆಗಳನ್ನು ಮಾಡಿದವರು. ಚಾವಣ ತಾನು ದಾಸೋಜನ ಮಗ ಅಂತ ಹೇಳಿಕೊಂಡಿದ್ದಾನೆ. ಆದರೆ ತಾನು ಕೆತ್ತಿದ ಬೊಂಬೆಗೆ ಹಾಕಿದ್ದು ತನ್ನ ಹೆಸರನ್ನು. ಆ ಅಕ್ಷರಗಳ ಕೆಳಗೆ ನಾನು ತುಂಬಾ ಹೊತ್ತು ನಿಂತಿದ್ದೇನೆ.

ಈಗ ಮಾಡಬೇಕಾದ ಕೆಲಸ. ಕಾಂಡಕೊರಕದ ದುಂಬಿ ಅಕ್ಟೋಬರ್‌ನಲ್ಲಿ ಹಾರಲು ಶುರು ಮಾಡುತ್ತದೆ. ಅದಕ್ಕೆ ಮುಂಚೆ, ಸೆಪ್ಟೆಂಬರ್‌ನಲ್ಲೇ ಹುಳು ಬಿದ್ದ ಗಿಡ ಹುಡುಕಿ, ಬುಡಸಮೇತ ಕಿತ್ತು ಸುಡಬೇಕು. ಈ ಸಲ ರೈಟರ ಜೊತೆ ಸಾಲು ಸಾಲೂ ನೀವೇ ನಡೆಯಿರಿ. ಕಾಂಡದ ಮೇಲಿನ ಉಬ್ಬು ಗೆರೆಯನ್ನು ಕೈಯಿಂದ ಮುಟ್ಟಿ ನೋಡಿ. ಅನುಮಾನ ಇದ್ದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಇದೆ, 1925ರಿಂದ ಇದೇ ಕೆಲಸ ಮಾಡುತ್ತಿದೆ. ಅಲ್ಲಿ ಕೇಳಿ. ಕೇಳಿದ್ದನ್ನು ರೈಟರಿಗೂ ಹೇಳಿ. ಬಟವಾಡೆಯ ದಿನ ಮುಂದಿನ ವಾರದ ಕೂಲಿಯೂ ಸಿದ್ಧ ಇದೆ ಅಂತ ಎಲ್ಲರ ಎದುರು ಒಂದೇ ಮಾತಿನಲ್ಲಿ ತಿಳಿಸಿ.

ನಿಮ್ಮನ್ನು ಎತ್ತಿ ಆಡಿಸಿದ ಅಜ್ಜಿ ಇವತ್ತಿಗೂ ಎಲ್ಲರ ಮುಂದೆ “ಪಾಪು” ಅನ್ನುತ್ತಾರೆ, ನಿಲ್ಲಿಸಲಾ ಅಂತ ಕೇಳಿದ್ದೀರಿ. ನಿಲ್ಲಿಸಬೇಡಿ. ಸೆಪ್ಟೆಂಬರ್ ಮುಗಿದ ಮೇಲೆ ಎಷ್ಟು ಗಿಡ ಕೀಳಬೇಕಾಯಿತು, ಎಷ್ಟು ಉಳಿಯಿತು ಅಂತ ಬರೆಯಿರಿ. ಕಾಯುತ್ತಿರುತ್ತೇನೆ.

– ಸಂಪಾದಕ