ಪಿಕಪ್‌ಗೆ ಏನೇನು ಹಾಕಿಸಬೇಕು?

ಪ್ರಶ್ನೆ: ಹೊಸ ಪಿಕಪ್ ತಗೊಂಡಿದ್ದೇನೆ. ಭತ್ತ, ಅಕ್ಕಿ ಚೀಲ ಸಾಗಿಸೋ ಕೆಲಸ. ಮುಂದೆ ಕಬ್ಬಿಣದ ಗಾರ್ಡ್, ಹಿಂದಿನ ಸ್ಪ್ರಿಂಗಿಗೆ ಇನ್ನೊಂದು ಪ್ಲೇಟ್, ದೊಡ್ಡ ಲೈಟ್ ಹಾಕಿಸಲೇ?
– ಓದುಗರು, ಗಂಗಾವತಿ

ಉತ್ತರ: ಗಾರ್ಡ್ ಬೇಡವೇ ಬೇಡ. ಅದರ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಅಡ್ಡ ಬಂದವರಿಗೆ ಪೆಟ್ಟು ಜಾಸ್ತಿ, ಗುದ್ದಿದ ಹೊಡೆತವೂ ನೇರ ಚಾಸಿಗೆ ಹೋಗುತ್ತದೆ.

ಪ್ಲೇಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪ್ಲೇಟ್ ಸೇರಿಸಿದರೆ ಗಾಡಿ ಹಿಂದೆ ಕುಸಿಯೋದು ಕಮ್ಮಿಯಾಗುತ್ತದೆ, ನಿಜ, ಆದರೆ ಬ್ರೇಕು, ಆಕ್ಸಲ್, ಟೈರು ಎಲ್ಲ ಹಳೇ ತೂಕಕ್ಕೇ ಮಾಡಿದ್ದು, ಅವು ಗಟ್ಟಿಯಾಗೋದಿಲ್ಲ ಅಲ್ವಾ? ಖಾಲಿ ಬರುವಾಗ ಹಿಂಬದಿ ಕುಣಿಯುತ್ತದೆ. ಆರ್‌ಸಿಯಲ್ಲಿ ಬರೆದ ತೂಕವೂ ಬದಲಾಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ. ಲೋಡು ಕಮ್ಮಿ ಮಾಡಿ, ಇನ್ನೊಂದು ಟ್ರಿಪ್ ಹೊಡೆಯಿರಿ.

ಹೆಚ್ಚು ವ್ಯಾಟಿನ ಬಲ್ಬು ಹಾಕಿದರೆ ಹೋಲ್ಡರ್ ಕರಗುತ್ತದೆ, ವೈರು ಸುಡುತ್ತದೆ, ಎದುರಿನವನಿಗೂ ಕಣ್ಣು ಕಾಣಲ್ಲ. ಸುಮ್ನೆ ಹೆಡ್‌ಲೈಟಿನ ಗಾಜು ಒರೆಸಿ, ಎತ್ತರ ಸರಿ ಮಾಡಿಸಿ.

ದುಡ್ಡು ಹಾಕೋದಾದರೆ ಪ್ರತಿಫಲಕ ಪಟ್ಟಿಗೆ ಹಾಕಿ: ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಸುಗ್ಗಿ ಕಾಲದಲ್ಲಿ ಸಿಂಧನೂರು ರಸ್ತೆಯಲ್ಲಿ ರಾತ್ರಿ ಅದೇ ನಿಮ್ಮ ಜೀವ ಉಳಿಸೋದು. ಆಮೇಲೆ ಒಳ್ಳೆ ದಪ್ಪ ತಾಡಪತ್ರಿ, ಗಟ್ಟಿ ಹಗ್ಗ. ಮಳೆಗಾಲದಲ್ಲಿ ಎರೆ ಹೊಲಕ್ಕೆ ಇಳಿಯೋದಿದ್ದರೆ ಎಳೆಯೋ ಹಗ್ಗವನ್ನೂ ಇಟ್ಟುಕೊಳ್ಳಿ.